ಮಾತೇ ಬಾರದವರ ಪ್ರಾರ್ಥನೆ ದೇವರಿಗೆ ಕೇಳಿಸುತ್ತದಾ?

ಹೊಸಿಲು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಈ ಚರ್ಚಾ ವೇದಿಕೆಯಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯದೆ ಇರಲು ಆಗುತ್ತಿಲ್ಲ.

ಕೆಲವು ತಿಂಗಳ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿದೆ ಅಂದರು. ಬಲಗೈ, ಬಲಗಾಲು ಈಗ ಸ್ವಲ್ಪ ಸ್ವಲ್ಪ ಆಡುತ್ತಿವೆ. ಮಾತು ಮಾತ್ರ ಬಂದಿಲ್ಲ. ನೀರು ಬೇಕು ಅನ್ನುವುದಕ್ಕೂ ಬೆರಳು ತೋರಿಸಬೇಕು. ಏನೋ ಹೇಳಲು ಬಾಯಿ ತೆರೆಯುತ್ತಾಳೆ, 'ಅದು... ಅದು...' ಅಷ್ಟೇ ಬರುತ್ತದೆ. ನಮಗೆ ಗೊತ್ತಾಗದಿದ್ದಾಗ ಕಣ್ಣಲ್ಲಿ ನೀರು ತಂದುಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾಳೆ.

ನಾವು ಕ್ರೈಸ್ತರು. ಯಾರ ಮನೆಯಲ್ಲಿ ಕಷ್ಟ ಬಂದರೂ ಮೊದಲು ಅಮ್ಮನಿಗೆ ಹೇಳಿ ಕಳಿಸುತ್ತಿದ್ದರು, 'ನಮಗೋಸ್ಕರ ಪ್ರಾರ್ಥನೆ ಮಾಡಿ' ಅಂತ. ಅಮ್ಮ ಒಬ್ಬೊಬ್ಬರ ಹೆಸರನ್ನೂ ನೆನಪಿಟ್ಟುಕೊಂಡು ಪ್ರಾರ್ಥಿಸುತ್ತಿದ್ದಳು. ಅಂಥವಳ ಮಾತೇ ಹೋಯಿತು. ಇದು ನನಗೆ ಬಹಳ ನೋವು ಕೊಡುತ್ತಿದೆ.

ನನ್ನ ಕಥೆಯೂ ಅಷ್ಟೇ. ಮೊದಮೊದಲು ರಾತ್ರಿ ಅವಳ ಮಂಚದ ಪಕ್ಕ ಕೂತು ಉದ್ದುದ್ದ ಪ್ರಾರ್ಥನೆ ಮಾಡುತ್ತಿದ್ದೆ. ಈಗ 'ದೇವರೇ' ಅಂದ ಮೇಲೆ ಮುಂದಕ್ಕೆ ಏನೂ ತೋಚುವುದಿಲ್ಲ. ಸುಮ್ನೆ ಕೂತಿರುತ್ತೇನೆ. ಯಾರೂ ಕೇಳುತ್ತಿಲ್ಲ ಅನ್ನಿಸುತ್ತದೆ. ಮೊನ್ನೆ ನೋಡಲು ಬಂದ ಹಿರಿಯರೊಬ್ಬರು, 'ನಿಮ್ಮೆಲ್ಲರ ನಂಬಿಕೆ ಗಟ್ಟಿಯಾಗಿದ್ದರೆ ಇಷ್ಟು ಹೊತ್ತಿಗೆ ಮಾತು ಬರಬೇಕಿತ್ತು' ಅಂದರು. ಅಮ್ಮನ ಎದುರಿಗೇ ಅಂದರು. ಅವಳಿಗೆ ಮಾತಾಡಲು ಬರುವುದಿಲ್ಲ, ಆದರೆ ನಾವು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ.

ಅಮ್ಮ ವಾಸಿಯಾಗುತ್ತಾಳಾ ಅಂತ ನಾನು ಇಲ್ಲಿ ಕೇಳುತ್ತಿಲ್ಲ. ಅದನ್ನು ಡಾಕ್ಟರನ್ನು ಕೇಳುತ್ತೇನೆ. ನನ್ನ ಪ್ರಶ್ನೆ ಬೇರೆ. ಬಾಯಲ್ಲಿ ಮಾತಿಲ್ಲದ ಅಮ್ಮನ ಪ್ರಾರ್ಥನೆ, ಒಳಗೆ ಮಾತು ಬತ್ತಿಹೋದ ನನ್ನ ಪ್ರಾರ್ಥನೆ, ಇವು ದೇವರಿಗೆ ಕೇಳಿಸುತ್ತವಾ? ಕೇಳಿಸುತ್ತವೆ ಅಂತ ನಂಬುವುದು ಹೇಗೆ? ಯಾವ ಧರ್ಮದವರಾದರೂ ಸರಿ, ಮನಸ್ಸಿಗೆ ಬಂದದ್ದನ್ನು ಹೇಳಿ.

ಹಳೇಪುಟ:

ತಂಗಿ, ನೀವು ಕೇಳಿದ ಪ್ರಶ್ನೆಯನ್ನೇ ಹಿಡಿದುಕೊಂಡು ಬೈಬಲ್ ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ದೇವರು ಕೇಳಿದ ಎಂದು ಬರೆದಿರುವ ಎಷ್ಟೋ ಕಡೆ ಸರಿಯಾಗಿ ಜೋಡಿಸಿದ ಪ್ರಾರ್ಥನೆಯೇ ಇಲ್ಲ.

ಹನ್ನಳನ್ನು ನೋಡಿ. ಒಂದನೆಯ ಸಮುವೇಲದ ಮೊದಲ ಅಧ್ಯಾಯ. ಮಕ್ಕಳಿಲ್ಲದ ದುಃಖ ಎಷ್ಟಿತ್ತೆಂದರೆ ತುಟಿ ಆಡುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ಎದುರಿಗೆ ಕೂತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ವರ್ಷಗಟ್ಟಲೆ ದೇವಾಲಯದ ಕೆಲಸ ಮಾಡಿದವನಿಗೇ ಅದು ಪ್ರಾರ್ಥನೆ ಅಂತ ಗೊತ್ತಾಗಲಿಲ್ಲ. ಯಾರಿಗೆ ಗೊತ್ತಾಗಬೇಕಿತ್ತೋ ಅವನಿಗೆ ಗೊತ್ತಾಯಿತು.

ಹಾಗರಳ ಕಥೆ ಇನ್ನೂ ಹತ್ತಿರ. ಆದಿಕಾಂಡ 21ನೇ ಅಧ್ಯಾಯ. ಅಡವಿಯಲ್ಲಿ ನೀರು ಮುಗಿದಿದೆ. ಮಗ ಸಾಯುವುದನ್ನು ನೋಡಲಾರೆ ಅಂತ ಅವನನ್ನು ಗಿಡದ ಕೆಳಗೆ ಬಿಟ್ಟು, ದೂರ ಹೋಗಿ ಕೂತು ಅಳುತ್ತಾಳೆ. ದೇವರು ಹುಡುಗನ ಕೂಗನ್ನು ಕೇಳಿದ ಎಂದು ಅಲ್ಲಿ ಬರೆದಿದೆ. ಅಳುತ್ತಿದ್ದವಳು ತಾಯಿ, ದೇವರು ಕೇಳಿಸಿಕೊಂಡದ್ದು ಮಗನ ದನಿಯನ್ನು. ಆ ಹುಡುಗ ಆಡಿದ ಒಂದೇ ಒಂದು ಮಾತೂ ಆ ಅಧ್ಯಾಯದಲ್ಲಿಲ್ಲ. ನಿಮ್ಮ ಮನೆಯಲ್ಲಿ ತಾಯಿ ಮಲಗಿದ್ದಾಳೆ, ಮಗಳು ಅಳುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ.

ವಿಮೋಚನಕಾಂಡದ 2ನೇ ಅಧ್ಯಾಯದ ಕೊನೆಯಲ್ಲಿ ಇಸ್ರಾಯೇಲ್ಯರು ಬಿಟ್ಟಿ ದುಡಿಮೆಯಲ್ಲಿ ನರಳಿದರು, ಆ ನರಳಾಟ ದೇವರಿಗೆ ಕೇಳಿಸಿತು ಎಂದಿದೆ. ಅವರು ದೇವರ ಕಡೆಗೆ ಮುಖ ಮಾಡಿ ನರಳಿದರೋ, ಸುಮ್ನೆ ನೋವಿಗೆ ನರಳಿದರೋ, ಅದನ್ನು ಹೇಳಿಯೇ ಇಲ್ಲ.

ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 77ನೆಯದರ 4ನೇ ವಚನವನ್ನು ತೆಗೆದು ನೋಡಿ. ನಿದ್ದೆ ಬಾರದೆ, ಕಳವಳದಿಂದ ಮಾತಾಡಲೂ ಆಗುತ್ತಿಲ್ಲ ಎಂದು ಆ ಮನುಷ್ಯ ಹೇಳುತ್ತಾನೆ. ಮಾತು ನಿಂತುಹೋಗಿದೆ ಅನ್ನುವ ಮಾತೂ ಕೀರ್ತನೆಗಳ ಒಳಗೇ ಇದೆ! ಪೌಲನೂ ರೋಮಾಪುರದವರಿಗೆ ಬರೆಯುವಾಗ, 8ನೇ ಅಧ್ಯಾಯದ 26ನೇ ವಚನದಲ್ಲಿ, ನಾವು ಏನು ಬೇಡಬೇಕೋ ನಮಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡು, ಮಾತಿಲ್ಲದ ನರಳಾಟದ ಮೂಲಕ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಅನ್ನುತ್ತಾನೆ. ಅಮ್ಮನ 'ಅದು... ಅದು...' ಅದೇ ಅಲ್ವಾ?

ಸಂಜೆಮಲ್ಲಿಗೆ:

ಆ ಹಿರಿಯರ ಮಾತು ಓದಿ ಸಂಕಟವಾಯಿತು ಅಕ್ಕ. ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಒಬ್ಬ ಪಾರ್ಶ್ವವಾಯು ರೋಗಿ ಬರುತ್ತಾನೆ. ನಾಲ್ಕು ಜನ ಹೊತ್ತು ತಂದರು. ಜನ ತುಂಬಿಕೊಂಡಿದ್ದರು, ಒಳಗೆ ಹೋಗಲು ದಾರಿ ಇರಲಿಲ್ಲ. ಚಾವಣಿ ಬಿಚ್ಚಿ ಹಾಸಿಗೆಸಮೇತ ಇಳಿಸಿದರು. ಯೇಸು ಅವರ ನಂಬಿಕೆಯನ್ನು ನೋಡಿದ ಎಂದಿದೆ. ರೋಗಿ ಬಾಯಿ ಬಿಟ್ಟಿದ್ದು ಎಲ್ಲೂ ಇಲ್ಲ. ಮಲಗಿದವರ ನಂಬಿಕೆಯನ್ನು ತೂಕ ಹಾಕುವ ಅಧಿಕಾರ ನೋಡಲು ಬಂದವರಿಗೆ ಯಾರೂ ಕೊಟ್ಟಿಲ್ಲ. ಬಂದವರು ಹೊರಲು ಕೈ ಕೊಡಬೇಕು, ಅಷ್ಟೇ.

ಮುಂದಿನ ಸಲ ಅಮ್ಮನ ಕೋಣೆಗೆ ಕರೆದುಕೊಂಡು ಹೋಗುವ ಮೊದಲೇ ಬಂದವರಿಗೆ ಹೇಳಿಬಿಡಿ, 'ಅಮ್ಮನಿಗೆ ಎಲ್ಲ ಅರ್ಥವಾಗುತ್ತದೆ, ಧೈರ್ಯದ ಮಾತು ಮಾತ್ರ ಆಡಿ' ಅಂತ. ಇದರಲ್ಲಿ ಮರ್ಯಾದೆ ತಪ್ಪಿದಂತೆ ಏನೂ ಆಗುವುದಿಲ್ಲ.

ಪ್ರಶ್ನಾರ್ಥಕ:

ಮೊದಲು ನಿಮ್ಮ ಅಮ್ಮ ಚೇತರಿಸಿಕೊಳ್ಳಲಿ. ನಾನು ದೇವರನ್ನು ನಂಬುವವನಲ್ಲ. ನೀವು ಯಾರು ಬೇಕಾದರೂ ಹೇಳಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನೋವು ಕೊಡುವ ಉದ್ದೇಶ ಇಲ್ಲ.

2006ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಹೃದಯದ ಬೈಪಾಸ್ ಆಪರೇಷನ್ ಆಗುವ 1802 ರೋಗಿಗಳು, ಆರು ಆಸ್ಪತ್ರೆಗಳು. ಒಂದು ಗುಂಪಿಗಾಗಿ ಪ್ರಾರ್ಥನೆ ಮಾಡಿಸಿದರು, ಇನ್ನೊಂದು ಗುಂಪಿಗಾಗಿ ಮಾಡಿಸಲಿಲ್ಲ. ಈ ಎರಡೂ ಗುಂಪಿನವರಿಗೆ ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿರಲಿಲ್ಲ. ತೊಡಕು ಕಾಣಿಸಿಕೊಂಡದ್ದು ಮೊದಲನೆಯದರಲ್ಲಿ ಶೇ. 52, ಎರಡನೆಯದರಲ್ಲಿ ಶೇ. 51. ವ್ಯತ್ಯಾಸವೇ ಇಲ್ಲ. ಮೂರನೇ ಗುಂಪಿಗೆ 'ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ' ಅಂತ ಹೇಳಿದ್ದರು. ಅವರಲ್ಲಿ ಶೇ. 59.

ಇದನ್ನು ಯಾಕೆ ಹೇಳಿದೆ ಅಂದರೆ, ಅಮ್ಮನ ಮಾತು ಬಾರದಿರುವುದಕ್ಕೆ ನಿಮ್ಮ ಪ್ರಾರ್ಥನೆ ಕಡಿಮೆಯಾದದ್ದು ಕಾರಣ ಅಲ್ಲ. ಆ ಭಾರ ಹೊರಬೇಡಿ. ಆದರೆ ಒಂದು ಪ್ರಶ್ನೆಯನ್ನು ನಿಮ್ಮೆಲ್ಲರಿಗೂ ಪ್ರಾಮಾಣಿಕವಾಗಿ ಕೇಳುತ್ತೇನೆ. ಫಲಿತಾಂಶದಲ್ಲಿ ಏನೂ ಬದಲಾಗದಿದ್ದರೆ, 'ದೇವರು ಕೇಳಿದ' ಅನ್ನುವುದಕ್ಕೂ 'ಕೇಳಲಿಲ್ಲ' ಅನ್ನುವುದಕ್ಕೂ ಏನು ವ್ಯತ್ಯಾಸ?

ನಡುಹಾದಿ:

ಒಳ್ಳೆಯ ಪ್ರಶ್ನೆ ಸರ್. ಇಷ್ಟು ಕಾಳಜಿಯಿಂದ ಕೇಳಿದ್ದಕ್ಕೆ ಧನ್ಯವಾದ.

ಆ ಅಧ್ಯಯನದ ಬಗ್ಗೆ ನಾನೂ ಓದಿದ್ದೇನೆ. ಅದರ ಅಂಕಿಅಂಶದ ಜೊತೆ ನನಗೆ ಜಗಳ ಇಲ್ಲ. ಶೇ. 59 ಯಾಕಾಯಿತು ಅನ್ನುವುದಕ್ಕೆ ಸಂಶೋಧಕರ ಕಡೆಯಿಂದಲೇ ಒಂದು ಊಹೆ ಬಂದಿತ್ತು. ಪ್ರಾರ್ಥನೆಯವರನ್ನು ಕರೆಸುವಷ್ಟು ನನ್ನ ಪರಿಸ್ಥಿತಿ ಕೆಟ್ಟಿದೆಯಾ ಅಂತ ರೋಗಿಗೆ ಭಯವಾಗಿರಬಹುದು ಅಂತ. ರೋಗಿಯ ತಲೆ ಮೇಲೆ ನಿಂತು ಪ್ರಾರ್ಥನೆಯ ಲೆಕ್ಕ ಒಪ್ಪಿಸುವವರು ಇದನ್ನು ಗಮನಿಸಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ಚರ್ಚೆಯ ಗಂಟು ಇರುವುದು ಅಲ್ಲೇ ಅನ್ನಿಸುತ್ತದೆ. ದೇವರು ಕೇಳಿದರೆ ಬೇಡಿದ್ದು ಆಗಿಯೇ ಆಗಬೇಕು, ಆಗಲಿಲ್ಲ ಅಂದರೆ ಕೇಳಿಲ್ಲ. ಆ ಹಿರಿಯರೂ ಹೀಗೇ ಯೋಚಿಸಿದರು, ನೀವೂ ಹೀಗೇ ಯೋಚಿಸುತ್ತಿದ್ದೀರಿ. ಅವರು ತಪ್ಪನ್ನು ರೋಗಿಯ ಮನೆಯವರ ಮೇಲೆ ಹಾಕಿದರು, ನೀವು ದೇವರಿಲ್ಲ ಅನ್ನುತ್ತೀರಿ. ಲೆಕ್ಕ ಮಾತ್ರ ಒಂದೇ.

ಆದರೆ ಕ್ರೈಸ್ತ ನಂಬಿಕೆ ಈ ಲೆಕ್ಕದ ಮೇಲೆ ನಿಂತಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ, 7ನೇ ವಚನ. ಸಾವಿನಿಂದ ತಪ್ಪಿಸಬಲ್ಲವನಿಗೆ ಯೇಸು ಗಟ್ಟಿಯಾಗಿ ಕೂಗಿ, ಕಣ್ಣೀರು ಹಾಕಿ ಪ್ರಾರ್ಥಿಸಿದ, ಆ ಪ್ರಾರ್ಥನೆ ಕೇಳಲ್ಪಟ್ಟಿತು ಎಂದು ಅಲ್ಲಿದೆ. ಕೇಳಲ್ಪಟ್ಟಿತು! ಹಾಗಿದ್ದರೂ ಅವನು ಶಿಲುಬೆಯ ಮೇಲೆ ಸತ್ತ. ಬರೆದವನಿಗೆ ಇದು ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೇ 'ಕೇಳಲ್ಪಟ್ಟಿತು' ಎಂದು ಬರೆದ. ನಾನು ಈ ಒಂದು ವಚನದ ಹತ್ತಿರ ಬಹಳ ಸಲ ನಿಂತಿದ್ದೇನೆ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಸಂಕಟದ ಪಾತ್ರೆ ತೆಗೆದುಹಾಕು ಅಂತ ಬೇಡಿದ ಮಗನ ಪ್ರಾರ್ಥನೆ ಕೇಳಿಸಿಯೂ ಪಾತ್ರೆ ಅಲ್ಲೇ ಉಳಿಯಿತು ಅಂದಮೇಲೆ, ನನ್ನ ಕಷ್ಟ ಅಲ್ಲೇ ಉಳಿದಿದೆ ಅನ್ನುವುದು ದೇವರು ಕೇಳಿಲ್ಲ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಸತ್ತವನು ಮೂರನೆಯ ದಿನ ಎದ್ದ ಅಂತ ನಾವು ನಂಬುತ್ತೇವೆ. ಉತ್ತರ ಸಾವಿನ ಆಚೆ ಬಂತು. ಗೆತ್ಸೇಮನೆಯಲ್ಲಿ ಮಂಡಿಯೂರಿದ್ದ ಆ ರಾತ್ರಿ ಹತ್ತಿರ ಇದ್ದವರ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಾಗೆ ನೋಡಿದರೆ ಅವರು ನಿದ್ದೆ ಮಾಡುತ್ತಿದ್ದರು.

ಕೇಳಿಸಿಕೊಳ್ಳುವುದು ಅಂದರೆ ಜೊತೆಗೆ ಇರುವುದು, ಬಿಟ್ಟು ಹೋಗದಿರುವುದು. ವ್ಯತ್ಯಾಸ ಏನು ಅಂತ ಕೇಳಿದಿರಿ. ಅಳುತ್ತಿರುವವಳ ಪಕ್ಕದಲ್ಲಿ ಒಬ್ಬರು ಇದ್ದಾರೋ ಇಲ್ಲವೋ ಅನ್ನುವ ವ್ಯತ್ಯಾಸ. ಇದನ್ನು ಆಸ್ಪತ್ರೆಯ ಅಂಕಿಅಂಶದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದು ನಿಮಗೆ ಒಪ್ಪಿಗೆಯಾಗಬೇಕು ಅಂತ ಒತ್ತಾಯ ಇಲ್ಲ. ನಾವು ಯಾವುದನ್ನು ನಂಬುತ್ತೇವೆ ಅನ್ನುವುದು ಸರಿಯಾಗಿ ತಿಳಿದಿರಲಿ ಅಂತ ಬರೆದೆ.

ಪ್ರಶ್ನಾರ್ಥಕ:

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ನೀವು ಯಾವುದನ್ನು ನಂಬುತ್ತೀರಿ ಅನ್ನುವುದು ಈಗ ಸ್ಪಷ್ಟವಾಯಿತು. ಆ ಹಿರಿಯರ ನಂಬಿಕೆಗಿಂತ ಇದು ಬೇರೆಯೇ. ಧನ್ಯವಾದ.

ಆಲಿಸು:

ನಾನು ಮಾತಿನ ಚಿಕಿತ್ಸೆಯ ಕೆಲಸ ಮಾಡುತ್ತೇನೆ. ಸ್ಟ್ರೋಕ್ ಆದವರ ಜೊತೆಯೇ ಜಾಸ್ತಿ ಕೆಲಸ. ಅಮ್ಮನನ್ನು ನೋಡದೆ ಏನೂ ಖಚಿತವಾಗಿ ಹೇಳಬಾರದು. ಆದರೂ ನಿಮಗೆ ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು.

ಅಮ್ಮನಿಗೆ ಆಗಿರುವುದನ್ನು ಅಫೇಸಿಯಾ ಅನ್ನುತ್ತೇವೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬರುತ್ತದೆ. ಬುದ್ಧಿ ಹೋಗಿರುವುದಿಲ್ಲ. ಹೇಳಬೇಕಾದದ್ದು ಒಳಗೆ ಇರುತ್ತದೆ, ಅದಕ್ಕೆ ಬೇಕಾದ ಪದ ಸಿಗುವುದಿಲ್ಲ. ಹೊಸದಾಗಿ ಒಂದು ವಾಕ್ಯ ಕಟ್ಟಲು ಆಗದವರೂ ಕೆಲವೊಮ್ಮೆ ಬಾಯಿಪಾಠ ಇರುವುದನ್ನು ಹೇಳಬಲ್ಲರು. ಒಂದರಿಂದ ಹತ್ತು ಎಣಿಸುವುದು, ವಾರದ ಹೆಸರು, ಹಳೆಯ ಹಾಡು, ಪ್ರಾರ್ಥನೆ. ಹ್ಯೂಲಿಂಗ್ಸ್ ಜಾಕ್ಸನ್ ಅನ್ನುವ ಇಂಗ್ಲಿಷ್ ವೈದ್ಯರು 19ನೇ ಶತಮಾನದಲ್ಲೇ ಈ ಎರಡು ಬಗೆಯ ಮಾತು ಬೇರೆ ಬೇರೆ ಅಂತ ಗುರುತಿಸಿದ್ದರು. ಬಾಯಿಪಾಠದ ಮಾತು ಮೆದುಳಿನ ಎಡಭಾಗವನ್ನು ಮಾತ್ರ ನೆಚ್ಚಿಕೊಂಡಿರುವುದಿಲ್ಲ. ಹಾಡಿನ ಧಾಟಿಯ ಮೂಲಕ ಮಾತು ಕಲಿಸುವ ಒಂದು ಚಿಕಿತ್ಸೆ 1970ರ ದಶಕದಿಂದ ಬಳಕೆಯಲ್ಲಿದೆ.

ಅಮ್ಮನಿಗೆ ಚಿಕ್ಕಂದಿನಿಂದ ಬಾಯಿಗೆ ಬಂದ ಪ್ರಾರ್ಥನೆ ಯಾವುದು? ಕ್ರೈಸ್ತರು ಅಂದಿರಿ, ಹಾಗಾದರೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಇರಬಹುದು. ಅವಳು ದಣಿದಿಲ್ಲದ ಹೊತ್ತಲ್ಲಿ ಪಕ್ಕದಲ್ಲಿ, ಮುಖ ಕಾಣುವ ಹಾಗೆ ಕೂತುಕೊಳ್ಳಿ. ಟಿವಿ, ಮೊಬೈಲ್ ಆಫ್ ಮಾಡಿ. ನೀವು ಯಾವಾಗಲೂ ಹೇಳುವ ರಾಗದಲ್ಲೇ, ನಿಧಾನವಾಗಿ ಶುರು ಮಾಡಿ. ಸಾಲಿನ ಕೊನೆಯ ಪದದ ಹತ್ತಿರ ನಿಲ್ಲಿಸಿ ಕಾಯಿರಿ. ಕಾಯುವುದು ಮುಖ್ಯ, ನಾವೆಲ್ಲ ಬೇಗ ಬಾಯಿ ಹಾಕಿಬಿಡುತ್ತೇವೆ. ಬರದಿದ್ದರೆ ನೀವೇ ಹೇಳಿ ಮುಂದಕ್ಕೆ ಹೋಗಿ. ಪರೀಕ್ಷೆ ಮಾಡಿದಂತೆ ಆಗಬಾರದು. 'ಹೇಳಮ್ಮಾ, ಹೇಳು' ಅಂತ ಒತ್ತಾಯ ಬೇಡ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾರ್ಥನೆ ಬಂದರೆ ಮಾತು ವಾಪಸ್ ಬಂತು ಅಂತ ಅರ್ಥವಲ್ಲ. ಪ್ರಾರ್ಥನೆ ಹೇಳಿ ಮುಗಿಸಿದವರಿಗೆ ಮರುಕ್ಷಣ ನೀರು ಕೇಳಲು ಆಗದಿರಬಹುದು. ನಿರಾಸೆ ಮಾಡಿಕೊಳ್ಳಬೇಡಿ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ವರ್ಷಗಳ ನಂತರವೂ ಹೊಸ ಪದ ಕಲಿತವರನ್ನು ನೋಡಿದ್ದೇನೆ. ಅಮ್ಮನಿಗೆ ಚಿಕಿತ್ಸೆ ನಡೆಯುತ್ತಿದ್ದರೆ ಬಿಡಬೇಡಿ, ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಶುರು ಮಾಡಿಸಿ.

ಹೊಸಿಲು:

ಎಲ್ಲರ ಮಾತನ್ನೂ ಓದಿದೆ, ಕೆಲವನ್ನು ಮತ್ತೆ ಮತ್ತೆ ಓದಿದೆ. 'ಆಲಿಸು' ಅವರು ಹೇಳಿದ ಹಾಗೆ ಮಾಡಿದೆ. ಏನಾಯಿತು ಅಂತ ಹೇಳಲೇಬೇಕು.

ಬೆಳಗ್ಗೆ ಅಮ್ಮನಿಗೆ ತಲೆ ಬಾಚಿ, ದಿಂಬಿಗೆ ಒರಗಿಸಿ ಕೂರಿಸಿದ್ದೆ. ಎದುರಿಗೆ ಕೂತು ಕೈ ಹಿಡಿದುಕೊಂಡು ಶುರು ಮಾಡಿದೆ. 'ಪರಲೋಕದಲ್ಲಿರುವ ನಮ್ಮ...' ಅಂತ ನಿಲ್ಲಿಸಿದೆ. ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಏನೂ ಬರಲಿಲ್ಲ. ನಾನೇ 'ತಂದೆಯೇ' ಅಂದು ಮುಂದಕ್ಕೆ ಹೋದೆ. 'ನಿನ್ನ ರಾಜ್ಯವು...' ಅಂದಾಗ 'ಬರಲಿ' ಅಂದಳು. ಸ್ಪಷ್ಟವಾಗಿ! ನನಗೆ ಮುಂದಿನ ಸಾಲು ಮರೆತುಹೋಯಿತು. ಅಮ್ಮ ನಿಲ್ಲಲಿಲ್ಲ. 'ನಿನ್ನ ಚಿತ್ತವು' ಅಂತ ಅವಳೇ ಎತ್ತಿಕೊಂಡು, 'ಅನುದಿನದ ಆಹಾರ' ದಾಟಿ, ಆಮೆನ್‌ವರೆಗೆ ಹೋದಳು. ನಡುವೆ ಒಂದೆರಡು ಕಡೆ ನಾಲಿಗೆ ತೊಡರಿತು. ಮುಗಿದ ಮೇಲೆ ತನ್ನ ದನಿ ತನಗೇ ಕೇಳಿಸಿತು ಅನ್ನುವ ಹಾಗೆ ಕಣ್ಣರಳಿಸಿ ನನ್ನನ್ನು ನೋಡಿದಳು. ಇಬ್ಬರೂ ಅತ್ತೆವು.

ಆಮೇಲೆ ನೀವು ಹೇಳಿದ್ದೇ ಆಯಿತು. 'ಕಾಫಿ ಕುಡೀತೀಯಾ ಅಮ್ಮಾ?' ಅಂದೆ. 'ಅದು... ಅದು...' ಅಂದಳು.

ಸಂಜೆ ತಮ್ಮನಿಗೆ ಹೇಳಿದೆ. ಅವನು ಕೆಟ್ಟವನಲ್ಲ, ಅಮ್ಮನಿಗಾಗಿ ನನ್ನಷ್ಟೇ ಓಡಾಡುತ್ತಿದ್ದಾನೆ. ಆದರೆ ಅವನು ಅಂದದ್ದು, 'ಅಕ್ಕಾ, ಅದು ಪ್ರಾರ್ಥನೆ ಅಲ್ಲ, ಟೇಪ್ ರೆಕಾರ್ಡರ್ ಓಡಿದಂತೆ. ಅಭ್ಯಾಸಬಲ. ಅವಳಿಗೆ ಅರ್ಥ ಗೊತ್ತಾಗಿ ಹೇಳಿದಳು ಅಂದುಕೊಳ್ಳಬೇಡ.' ಆಗಿನಿಂದ ಅದೇ ಕೊರೆಯುತ್ತಿದೆ. ತಾನಾಗಿ ಬಾಯಿಂದ ಉರುಳಿದ ಮಾತು ಪ್ರಾರ್ಥನೆ ಆಗುತ್ತದಾ?

ಸೊಂಡಿಲು:

ಅಕ್ಕ, ನಾನು ಹಿಂದೂ. ನಿಮ್ಮ ತಮ್ಮನ ಮಾತು ಓದಿದ ಕೂಡಲೇ ಗಜೇಂದ್ರ ನೆನಪಾದ. ಭಾಗವತದ 8ನೇ ಸ್ಕಂಧದಲ್ಲಿ ಬರುವ ಕಥೆ.

ಎಲ್ಲರಿಗೂ ಗೊತ್ತಿರುವುದು ಇಷ್ಟು: ಆನೆಯ ಕಾಲನ್ನು ಮೊಸಳೆ ಹಿಡಿಯಿತು, ಆನೆ ಕೂಗಿತು, ಹರಿ ಬಂದ. ಮೂಲದಲ್ಲಿ ಇರುವ ಒಂದು ವಿವರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಆ ಸೆಣಸಾಟ ಸಾವಿರ ವರ್ಷ ನಡೆಯಿತು ಎಂದಿದೆ. ಜೊತೆಗಿದ್ದ ಆನೆಗಳು ಎಳೆದು ನೋಡಿದವು, ಆಗಲಿಲ್ಲ. ಶಕ್ತಿಯೆಲ್ಲ ಹೋದ ಮೇಲೆ ಗಜೇಂದ್ರ ಸ್ತುತಿಸಿದ. ಆ ಸ್ತುತಿಯನ್ನು ಅವನು ಅಲ್ಲಿ ನಿಂತು ಹೊಸದಾಗಿ ಕಟ್ಟಿದ್ದಲ್ಲ. ಹಿಂದಿನ ಜನ್ಮದಲ್ಲಿ ಇಂದ್ರದ್ಯುಮ್ನ ಎಂಬ ರಾಜನಾಗಿದ್ದಾಗ ಕಲಿತದ್ದು. ದೇಹ ಬದಲಾಗಿದೆ, ರಾಜ್ಯ ಹೋಗಿದೆ, ತಾನು ಯಾರು ಅನ್ನುವುದೇ ಮರೆತಿದೆ. ಕಲಿತ ಪ್ರಾರ್ಥನೆ ಮಾತ್ರ ಒಳಗೆ ಉಳಿದಿತ್ತು, ಪ್ರಾಣಸಂಕಟದಲ್ಲಿ ಎದ್ದು ಬಂತು. ಹರಿ ಕಾಣಿಸಿದಾಗ ಆ ಆನೆ ಸೊಂಡಿಲಲ್ಲಿ ಒಂದು ಕಮಲ ಎತ್ತಿ ಹಿಡಿದು, ಬಹಳ ಕಷ್ಟಪಟ್ಟು ನಾಲ್ಕು ಮಾತು ಆಡಿತು ಎಂದಿದೆ. 'ಕಷ್ಟಪಟ್ಟು' ಅಂತ ಭಾಗವತವೇ ಹೇಳುತ್ತದೆ.

ಇದು ಹಳೆಯ ಬಾಯಿಪಾಠ, ಇದಕ್ಕೆ ಬರುವುದಿಲ್ಲ ಅಂತ ಹರಿ ಅನ್ನಲಿಲ್ಲ. ನಿಮ್ಮ ಅಮ್ಮ ಆರೋಗ್ಯವಾಗಿದ್ದಾಗ ಅಷ್ಟು ವರ್ಷ ಹೇಳಿಕೊಂಡು ಬಂದದ್ದು ಇಂಥ ದಿನಕ್ಕೆ ಅವಳ ಕೈ ಹಿಡಿಯಿತು. ಅಭ್ಯಾಸ ಅಂದರೆ ಕೀಳು ಅಂತ ಯಾಕೆ ಅಂದುಕೊಳ್ಳಬೇಕು?

ಹಳೇಪುಟ:

'ಸೊಂಡಿಲು' ಅವರ ಮಾತಿಗೆ ಒಂದು ಸೇರಿಸುತ್ತೇನೆ. ಶಿಲುಬೆಯ ಮೇಲೆ ಯೇಸು ಕೂಗಿದ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ' ಅನ್ನುವುದು 22ನೇ ಕೀರ್ತನೆಯ ಮೊದಲ ಸಾಲು. ಅವನ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದ ಪ್ರಾರ್ಥನೆ. ಅಷ್ಟು ನೋವಿನಲ್ಲಿ ಅವನ ಬಾಯಿಗೆ ಬಂದದ್ದು ಆ ಹಳೆಯ ಮಾತು. ಅದಕ್ಕೂ ಮುಂಚೆ, ಗೆತ್ಸೇಮನೆಯಲ್ಲಿ ಮೂರನೇ ಸಲ ಪ್ರಾರ್ಥಿಸುವಾಗ ಅದೇ ಮಾತನ್ನು ಹೇಳಿದ ಎಂದು ಮತ್ತಾಯ ಬರೆದಿದ್ದಾನೆ. ಹೊಸ ಮಾತು ಹುಡುಕಲಿಲ್ಲ. ನಿಮಗೂ 'ದೇವರೇ' ಅನ್ನುವುದು ಬಿಟ್ಟು ಬೇರೆ ಏನೂ ಬಾರದಿದ್ದರೆ ಅದನ್ನೇ ಹೇಳಿ. ಸಾಕು.

ಆಲಿಸು:

ಓದಿ ತುಂಬಾ ಸಂತೋಷವಾಯಿತು. ತಮ್ಮನ ಮಾತಿನ ಬಗ್ಗೆ ಕೆಲಸದ ಅನುಭವದಿಂದ ಒಂದು ವಿಷಯ ಹೇಳುತ್ತೇನೆ. ಮಾತು ತಾನಾಗಿ ಬಂತು ಅಂದರೆ ಅರ್ಥ ಇಲ್ಲದೆ ಬಂತು ಅಂತ ಹೇಳಲು ಬರುವುದಿಲ್ಲ. ನಾವು ಹೇಳಿದ್ದು ಅಮ್ಮನಿಗೆ ಅರ್ಥವಾಗುತ್ತದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ತಾನು ಹೇಳಿದ್ದೂ ಅವಳಿಗೆ ಅರ್ಥವಾಗಿರಬಹುದು. ಕಣ್ಣರಳಿಸಿದಳು ಅಂದಿರಲ್ಲ.

ಅಯ್ಯೂಬ್_ನೆರಳು:

ಅಸ್ಸಲಾಮು ಅಲೈಕುಂ, ಎಲ್ಲರಿಗೂ. ನಮ್ಮ ಕಡೆಯಿಂದಲೂ ಒಂದು ಮಾತು.

ಕುರ್‌ಆನ್‌ನ 21ನೇ ಅಧ್ಯಾಯದಲ್ಲಿ ಅಯ್ಯೂಬ್ ನಬಿಯವರ (ಪ್ರವಾದಿಯವರ) ದುಆ, ಅಂದರೆ ಪ್ರಾರ್ಥನೆ, ಇದೆ. ದೀರ್ಘಕಾಲ ಕಷ್ಟಪಟ್ಟವರು. ಅವರು ಹೇಳಿದ್ದು ಇಷ್ಟೇ: ನನಗೆ ಸಂಕಟ ತಟ್ಟಿದೆ, ನೀನು ಕರುಣೆಯುಳ್ಳವರಲ್ಲೆಲ್ಲ ಹೆಚ್ಚು ಕರುಣೆಯುಳ್ಳವನು. ವಾಸಿ ಮಾಡು ಅಂತ ಕೇಳಲೂ ಇಲ್ಲ. ತನ್ನ ಸ್ಥಿತಿ ಹೇಳಿದರು, ಅವನು ಯಾರು ಅನ್ನುವುದನ್ನು ಹೇಳಿದರು, ಸುಮ್ಮನಾದರು. ಮುಂದಿನ ಆಯತ್‌ನಲ್ಲೇ (ವಚನದಲ್ಲೇ) ಅಲ್ಲಾಹನು ಓಗೊಟ್ಟ ಎಂದಿದೆ. ಮೀನಿನ ಹೊಟ್ಟೆಯಲ್ಲಿದ್ದ ಯೂನುಸ್ ನಬಿಯವರ ಮೊರೆಯೂ ಅದೇ ಅಧ್ಯಾಯದಲ್ಲಿದೆ, ಅದರಲ್ಲೂ ನೇರವಾದ ಬೇಡಿಕೆ ಇಲ್ಲ. 19ನೇ ಅಧ್ಯಾಯದಲ್ಲಿ ಝಕರಿಯ್ಯಾ ನಬಿಯವರು ಪ್ರಭುವನ್ನು ಮೆಲುದನಿಯಲ್ಲಿ, ಗುಟ್ಟಾಗಿ ಕರೆದರು ಎಂದಿದೆ.

ಹಾಗಾಗಿ ಏನು ಕೇಳಬೇಕೋ ತೋಚುವುದಿಲ್ಲ ಅಂತ ಹೆದರಬೇಡಿ ಸಹೋದರಿ. ಅಮ್ಮನಿಗೆ ಅಲ್ಲಾಹ್ ಶಿಫಾ (ಗುಣ) ಕೊಡಲಿ.

ಬರಿಗೈ:

ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚನೆ ಮಾಡಿದೆ.

ನನ್ನ ಮಗು ಉಳಿಯಲಿಲ್ಲ. ನಾವೂ ಪ್ರಾರ್ಥನೆ ಮಾಡಿದ್ದೆವು. ಊಟ ಬಿಟ್ಟು ಮಾಡಿದ್ದೆವು. ಇಲ್ಲಿ ಬರೆದಿರುವ ಕಥೆಗಳಲ್ಲಿ ಹನ್ನಳಿಗೆ ಮಗ ಹುಟ್ಟಿದ, ಹಾಗರಳಿಗೆ ನೀರು ಸಿಕ್ಕಿತು, ಆನೆಯ ಕಾಲು ಬಿಡುಗಡೆಯಾಯಿತು. ಕಥೆ ಹಾಗೆ ಮುಗಿಯದವರು ಏನು ಮಾಡಬೇಕು? ಮಗು ಹೋದ ಮೇಲೆ ಬಂದವರೆಲ್ಲ 'ದೇವರಿಗೆ ಒಂದು ಉದ್ದೇಶ ಇರುತ್ತದೆ' ಅಂದರು. ಆ ಮಾತು ಕೇಳಿದಾಗೆಲ್ಲ ಎದೆಗೆ ಚುಚ್ಚಿದಂತೆ ಆಗುತ್ತಿತ್ತು.

ನಾನು ದೇವರನ್ನು ಬಿಟ್ಟಿಲ್ಲ. ಆದರೆ ಈಗ ಏನನ್ನೂ ಬೇಡುವುದಿಲ್ಲ. ರಾತ್ರಿ ಮಗುವಿನ ಹೆಸರು ಹೇಳುತ್ತೇನೆ. ಕೋಪ ಬಂದ ದಿನ ಕೋಪದಲ್ಲೇ ಹೇಳುತ್ತೇನೆ. ಕೇಳುತ್ತಿದ್ದಾನೆ ಅಂತ ನಂಬದಿದ್ದರೆ ಕೋಪ ಮಾಡಿಕೊಳ್ಳುವುದಾದರೂ ಯಾರ ಮೇಲೆ? ಅಷ್ಟು ಮಾತ್ರ ನನಗೆ ಉಳಿದಿದೆ. ಸಮಾಧಾನ ಹೇಳಬೇಡಿ, ದಯವಿಟ್ಟು. ಎಲ್ಲರಿಗೂ ಸುಖಾಂತ್ಯ ಆಗುವುದಿಲ್ಲ ಅನ್ನುವುದೂ ಈ ಚರ್ಚೆಯಲ್ಲಿ ಇರಲಿ ಅಂತ ಬರೆದೆ.

ನಡುಹಾದಿ:

ಸಮಾಧಾನ ಹೇಳುವುದಿಲ್ಲ. ನೀವು ಬರೆದದ್ದು ಒಳ್ಳೆಯದಾಯಿತು.

ಉಳಿದವರಿಗಾಗಿ ಒಂದೇ ವಿಷಯ ಹೇಳುತ್ತೇನೆ. ಕೀರ್ತನೆಗಳಲ್ಲಿ 88ನೆಯದು ಕತ್ತಲಲ್ಲೇ ಮುಗಿಯುತ್ತದೆ. ಉಳಿದ ಶೋಕಗೀತೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಒಂದು ತಿರುವು ಬರುತ್ತದೆ, ಸ್ತುತಿ ಬರುತ್ತದೆ. ಇದರಲ್ಲಿ ಬರುವುದಿಲ್ಲ. ಹಗಲೂ ರಾತ್ರಿಯೂ ಕೂಗಿದ್ದೇನೆ, ನೀನು ಮುಖ ಮರೆಮಾಡಿದ್ದೀಯ ಅಂತ ದೂರುತ್ತಲೇ ನಿಲ್ಲುತ್ತದೆ. ಅದನ್ನು ಯಾರೂ ಅಲ್ಲಿಂದ ತೆಗೆದುಹಾಕಲಿಲ್ಲ, ಕೊನೆಗೆ ಎರಡು ಒಳ್ಳೆಯ ಸಾಲು ಸೇರಿಸಲೂ ಇಲ್ಲ. ಬೈಬಲಿನಲ್ಲೇ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಬಾಯಿ ತೆರೆದು ಕಾರಣ ಹೇಳಲು ಶುರು ಮಾಡಿದ ಮೇಲೆಯೇ ಅವರು ತಪ್ಪಿದ್ದು. ದೇವರು ಕೊನೆಗೆ ಸರಿ ಅಂದದ್ದು ದೂರಿದ ಯೋಬನನ್ನು. ದೇವರ ಪರ ವಾದ ಮಾಡಿದ ಗೆಳೆಯರನ್ನಲ್ಲ. 'ಬರಿಗೈ' ಅವರು ರಾತ್ರಿ ಮಾಡುವುದು ಪೂರ್ತಿ ಪ್ರಾರ್ಥನೆ. ಅದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ.

ಹೊಸಿಲು:

'ಬರಿಗೈ' ಅವರೇ, ನಿಮ್ಮ ಮಗುವಿನ ಹೆಸರು ನನಗೆ ಗೊತ್ತಿಲ್ಲ. ಇವತ್ತು ರಾತ್ರಿ ಅಮ್ಮನ ಪಕ್ಕ ಕೂತಾಗ ಆ ಮಗುವನ್ನೂ ನೆನೆಯುತ್ತೇನೆ.

ಸಂಜೆಮಲ್ಲಿಗೆ:

ಅಕ್ಕ, ಒಂದು ಕೇಳಲಾ? ನೀವು ನಿದ್ದೆ ಮಾಡುತ್ತಿದ್ದೀರಾ? ಹಗಲು ಅಮ್ಮನನ್ನು ನೋಡಿಕೊಳ್ಳುವುದು, ರಾತ್ರಿ ಮಂಚದ ಪಕ್ಕ ಕೂರುವುದು. ಮಾತು ಬತ್ತಿಹೋಗಿದೆ ಅಂದಿರಿ. ಅದರಲ್ಲಿ ಅರ್ಧ ಬರೀ ದಣಿವು ಇರಬಹುದು.

ಎಲೀಯ ಅಂಥ ದೊಡ್ಡ ಪ್ರವಾದಿ. ಅವನೂ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು 'ಸಾಕು, ನನ್ನ ಪ್ರಾಣ ತೆಗೆದುಕೋ' ಅಂದುಬಿಟ್ಟ. ಒಂದನೆಯ ಅರಸುಗಳು, 19ನೇ ಅಧ್ಯಾಯ. ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅವನು ಮಲಗಿದ್ದ, ದೂತ ತಟ್ಟಿ ಎಬ್ಬಿಸಿ 'ಎದ್ದು ಊಟ ಮಾಡು' ಅಂದ. ತಲೆಯ ಹತ್ತಿರ ರೊಟ್ಟಿ ಇತ್ತು, ನೀರು ಇತ್ತು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಬಂದು, ಹೋಗಬೇಕಾದ ದಾರಿ ದೂರ ಇದೆ, ತಿನ್ನು ಅಂದ. ಸಾಯಬೇಕು ಅಂದವನ ಪ್ರಾರ್ಥನೆಗೆ ಬಂದ ಮೊದಲ ಉತ್ತರ ನಿದ್ದೆ ಮತ್ತು ಊಟ.

ತಮ್ಮ ಇದ್ದಾನಲ್ಲ, ವಾರದಲ್ಲಿ ಕೆಲವು ರಾತ್ರಿ ಅವನು ಕೂರಲಿ. ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಯಾರಾದರೂ 'ಏನು ಸಹಾಯ ಬೇಕು' ಅಂತ ಕೇಳಿದರೆ 'ಏನೂ ಬೇಡ' ಅನ್ನಬೇಡಿ.

ಆಲಿಸು:

ಸಂಜೆಮಲ್ಲಿಗೆ ಹೇಳಿದ್ದು ಬಹಳ ಮುಖ್ಯ. ಅಮ್ಮನ ಬಗ್ಗೆಯೂ ಒಂದು ಮಾತು: ಗೋಡೆ ಕಡೆ ತಿರುಗಿ ಮಲಗುತ್ತಾಳೆ ಅಂದಿರಿ. ಸ್ಟ್ರೋಕ್ ಆದ ಮೇಲೆ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತು ಬಾರದವರು ಅದನ್ನು ಹೇಳಿಕೊಳ್ಳಲೂ ಆಗುವುದಿಲ್ಲ. ಊಟ ಕಡಿಮೆಯಾಗಿದೆಯಾ, ನಿದ್ದೆ ಹೇಗಿದೆ, ಅಳು ಜಾಸ್ತಿ ಇದೆಯಾ ಅಂತ ಗಮನಿಸಿ ಮುಂದಿನ ಭೇಟಿಯಲ್ಲಿ ಡಾಕ್ಟರ್‌ಗೆ ಹೇಳಿ. ಅದಕ್ಕೆ ಚಿಕಿತ್ಸೆ ಇದೆ. ಔಷಧ ಕೊಡಿಸಿದರೆ ನಂಬಿಕೆ ಕಡಿಮೆಯಾಯಿತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಮಗೂ ಅದೇ ಸ್ಥಿತಿ ಇದೆ ಅನ್ನಿಸಿದರೆ ನಿಮ್ಮ ಬಗ್ಗೆಯೂ ಹೇಳಿ.

ಹೊಸಿಲು:

ನಿದ್ದೆ ಸರಿಯಾಗಿ ಇಲ್ಲ, ನಿಜ. ತಮ್ಮನ ಹತ್ತಿರ ಮಾತಾಡಿದೆ. ಇವತ್ತಿನಿಂದ ರಾತ್ರಿ ಹಂಚಿಕೊಳ್ಳುತ್ತೇವೆ. ಅಮ್ಮ ಊಟ ಅರ್ಧಕ್ಕೆ ಬಿಡುವುದನ್ನು ಡಾಕ್ಟರ್‌ಗೆ ಹೇಳುತ್ತೇನೆ. ಗಜೇಂದ್ರನ ಕಥೆಯನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಏನೂ ಅನ್ನಲಿಲ್ಲ, ಆದರೆ ಬೆಳಗ್ಗೆ ನಾವು ಪ್ರಾರ್ಥನೆ ಮಾಡುವಾಗ ಬಂದು ಅಮ್ಮನ ಕಾಲ ಹತ್ತಿರ ಕೂತ.

ನಾನು ಇಲ್ಲಿ ಕೇಳಿದ್ದ ಪ್ರಶ್ನೆಗೆ ನನ್ನ ಉತ್ತರ ಈಗ ಹೀಗಿದೆ. ಕೇಳಿಸುತ್ತಿದೆ ಅಂತ ನನಗೆ ಇನ್ನೂ ಅನ್ನಿಸುತ್ತಿಲ್ಲ. ಆದರೆ ಅನ್ನಿಸುವುದಕ್ಕಾಗಿ ಕಾಯುತ್ತಾ ಕೂರುವುದಿಲ್ಲ. ಅಮ್ಮನ ಜೊತೆ ದಿನಾ ಹೇಳುತ್ತೇನೆ.

ಹಳೇಪುಟ ಅಣ್ಣ, ಒಂದು ಸಹಾಯ ಬೇಕು. 'ತಂದೆಯೇ' ಪ್ರಾರ್ಥನೆ ಆದಮೇಲೆ ಓದಲು ಚಿಕ್ಕ ಚಿಕ್ಕ ಕೀರ್ತನೆಗಳನ್ನು ಹೇಳುತ್ತೀರಾ? ಸುಳ್ಳು ಸಂತೋಷ ಇರುವುದು ಬೇಡ.

ಹಳೇಪುಟ:

ಖಂಡಿತ ತಂಗಿ. 13ರಿಂದ ಶುರು ಮಾಡಿ. ಆರೇ ವಚನ. ಮೊದಲ ಎರಡು ವಚನದಲ್ಲೇ 'ಎಷ್ಟರವರೆಗೆ' ಅಂತ ಮತ್ತೆ ಮತ್ತೆ ಕೇಳುತ್ತದೆ. 6ನೇ ಕೀರ್ತನೆ ಅಳುವವರದು, ಹಾಸಿಗೆ ಕಣ್ಣೀರಿನಿಂದ ತೊಯ್ದಿದೆ ಅನ್ನುತ್ತದೆ, ದೇವರು ನನ್ನ ಅಳುವ ದನಿಯನ್ನು ಕೇಳಿದ್ದಾನೆ ಎಂದೂ ಅದರಲ್ಲೇ ಇದೆ. ಅಳುವ ದನಿ ಕೇಳಿದ ಅಂತ ಇರುವುದನ್ನು ಗಮನಿಸಿ, ಅಮ್ಮನಿಗೂ ತೋರಿಸಿ. 130 ಬಹಳ ಚಿಕ್ಕದು, ಆಳದಿಂದ ಕೂಗುವುದು, ರಾತ್ರಿ ಸರದಿಯಲ್ಲಿ ಕೂತವರಿಗೆ ಹೇಳಿ ಮಾಡಿಸಿದ ಹಾಗಿದೆ. ತಮ್ಮನ ಸರದಿಯ ದಿನ ಅವನ ಕೈಗೆ ಕೊಡಿ. 23 ಅಮ್ಮನಿಗೆ ಬಾಯಿಪಾಠ ಇದ್ದೇ ಇರುತ್ತದೆ. ಅದನ್ನು ನೀವು ಓದಬೇಡಿ, ಮೊದಲ ಸಾಲು ಎತ್ತಿಕೊಟ್ಟು ಕಾದು ನೋಡಿ. 88ನ್ನು ಮಾತ್ರ ಅಮ್ಮನ ಮುಂದೆ ತೆಗೆಯುವ ಮೊದಲು ನೀವೊಬ್ಬರೇ ಒಮ್ಮೆ ಓದಿಕೊಳ್ಳಿ.